ಕೌಸಲ್ಯಮ್ಮ ಹೇಳದೆ ಉಳಿಸಿಕೊಂಡ ಮಾತು

ಕಡಬದ ಕೆರೆ ಏರಿ ಮೇಲೆ ನಡೆದುಬಂದು ಗುಬ್ಬಿ ಬಸ್ಸು ಹಿಡಿಯುತ್ತಿದ್ದ ಹೆಣ್ಣುಮಕ್ಕಳಲ್ಲಿ ಎಂ.ಎ. ತನಕ ಓದಿದವರು ಕೌಸಲ್ಯಮ್ಮ ಒಬ್ಬರೇ. ತುಮಕೂರಿನ ಒಂದು ಖಾಸಗಿ ಮಹಿಳಾ ಕಾಲೇಜಿನಲ್ಲಿ ಅವರಿಗೆ ಇತಿಹಾಸದ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಬಹಳ ವರ್ಷ ಅಲ್ಲಿ ಇತಿಹಾಸ ವಿಭಾಗ ಅಂದರೆ ಅವರೇ. ಅದರಲ್ಲೂ ರೋಮಿನ ಚರಿತ್ರೆ ಅಂದರೆ ಅವರಿಗೆ ಪ್ರಾಣ. ಚಕ್ರವರ್ತಿಗಳ ಹೆಸರುಗಳನ್ನು ಮನೆಯವರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದರು.

೧೯೯೪ರಲ್ಲಿ ಖುರ್ಷಿದಾ ಬೇಗಂ ಬಂದರು. ಕುಣಿಗಲ್ಲಿನವರು, ತಂದೆಗೆ ಅಲ್ಲಿ ಬೀಗ, ಮೊಳೆ, ಬಣ್ಣ ಮಾರುವ ಅಂಗಡಿ. ಕೌಸಲ್ಯಮ್ಮನವರಿಗಿಂತ ಹತ್ತು ವರ್ಷವಾದರೂ ಚಿಕ್ಕವರು. ಪಾಠ ಓದಿ ಬರೆಸುತ್ತಿರಲಿಲ್ಲ, ಹುಡುಗಿಯರನ್ನು ಕೇಳುತ್ತಿದ್ದರು: "ಅಶೋಕ ಹೀಗೆ ಮಾಡ್ದ ಅಂತೀರಲ್ಲ, ನಿಮಗೆ ಯಾರು ಹೇಳಿದ್ದು?" ಹುಡುಗಿಯರು ಗೇಟಿನ ತನಕ ಅವರ ಹಿಂದೆ ವಾದ ಮಾಡುತ್ತಾ ಹೋಗುತ್ತಿದ್ದರು.

ಸ್ಟಾಫ್ ರೂಮಿನ ಬಾಗಿಲಲ್ಲಿ ಯಾರಾದರೂ ಇಣುಕಿದರೆ ಕೌಸಲ್ಯಮ್ಮ ಪೆನ್ನು ಕೆಳಗಿಟ್ಟು ತಲೆ ಎತ್ತುತ್ತಿದ್ದರು. "ಖುರ್ಷಿದಾ ಮೇಡಂ ಇಲ್ವಾ?" ಅಂತ ಕೇಳಿ ಆ ಹುಡುಗಿ ಹೊರಟುಹೋಗುತ್ತಿದ್ದಳು. ಮೊದಮೊದಲು ಇದು ಬೇಜಾರು ಅಷ್ಟೇ ಆಗಿತ್ತು. ಆಮೇಲೆ ಆ ಹೆಸರು ಕಿವಿಗೆ ಬಿದ್ದರೆ ಸಾಕು, ಎದೆಯಲ್ಲಿ ಏನೋ ಬಿಸಿ ಸುರಿದಂತೆ. ಖುರ್ಷಿದಾ ಉಡುತ್ತಿದ್ದ ಸಾದಾ ಸೀರೆ, ಮೆತ್ತಗಿನ ದನಿ, ತಂದ ಖರ್ಜೂರವನ್ನು ಎಲ್ಲರ ಮುಂದೆ ಹಿಡಿಯುವ ರೀತಿ, ಎಲ್ಲದರಲ್ಲೂ ನಾಟಕ ಕಾಣಿಸುತ್ತಿತ್ತು.

ಜಿಲ್ಲೆಯ ಇತಿಹಾಸ ಮೇಷ್ಟ್ರುಗಳದ್ದೊಂದು ಬಳಗ ಇತ್ತು. ಗುಬ್ಬಿಯ ನಿವೃತ್ತ ಹೆಡ್‌ಮಾಸ್ಟರ್ ಲಕ್ಷ್ಮೀನರಸಿಂಹಯ್ಯನವರು ಅದರ ಯಜಮಾನರು. ೧೯೯೭ರ ಒಂದು ಸಭೆಯಲ್ಲಿ ಬುದ್ಧನ ವಿಷಯ ಬಂದು, ಬುದ್ಧ ಇಲ್ಲೇ ಹುಟ್ಟಿದ ಅಂತ ಅಶೋಕ ಲುಂಬಿನಿಯಲ್ಲಿ ಕೆತ್ತಿಸಿದ ಕಂಬದ ಮಾತಾಯಿತು. ಯಾರೋ ಕೇಳಿದರು: "ಹಾಗಾದ್ರೆ ಯೇಸುವಿಗೆ ಏನಿದೆ? ಬೈಬಲ್ ಪಕ್ಕಕ್ಕಿಟ್ಟರೆ ಆತ ಇದ್ದ ಅನ್ನೋದಕ್ಕೆ ಸಾಕ್ಷಿ?"

ರೋಮಿನ ಕಾಲದ ಪ್ರಶ್ನೆ. ಕೌಸಲ್ಯಮ್ಮ ಸೆರಗು ಸರಿಮಾಡಿಕೊಂಡು ಕೂತರು. ಲಕ್ಷ್ಮೀನರಸಿಂಹಯ್ಯನವರು ಈ ಕಡೆ ನೋಡಲೂ ಇಲ್ಲ.

"ಮುಂದಿನ ತಿಂಗಳು ಖುರ್ಷಿದಾ ಇದರ ಮೇಲೆ ಮಾತಾಡ್ಲಿ," ಅಂದರು.

ಮನೆಗೆ ಬಂದು ಕೌಸಲ್ಯಮ್ಮ ಊಟ ಬಡಿಸುವಾಗ ಪಾತ್ರೆಗಳನ್ನು ಕುಕ್ಕಿದರು. ಗಂಡ ಚಂದ್ರಶೇಖರಯ್ಯ ಬ್ಯಾಂಕಿನಲ್ಲಿದ್ದವರು, ಸಮಾಧಾನದ ಮನುಷ್ಯ.

"ಬಿಡೇ, ಒಂದು ಭಾಷಣ ತಾನೆ," ಅಂದರು.

"ನಿಮಗೇನ್ರಿ ಗೊತ್ತಾಗತ್ತೆ. ಅದು ನನ್ನ ಸಬ್ಜೆಕ್ಟು."

ಆ ಭಾನುವಾರವೇ ಬೆಂಗಳೂರಿಗೆ ಹೋಗಿ ಲೈಬ್ರರಿಯಲ್ಲಿ ಕೂತರು. ಅವರಿಗೆ ಬೇಕಾದದ್ದು ಸಿಕ್ಕಿತು. ಮೊದಲನೇ ಶತಮಾನದ ಒಬ್ಬ ಯಹೂದಿ ಇತಿಹಾಸಕಾರ ಯೇಸುವಿನ ಬಗ್ಗೆ ಒಂದು ಪ್ಯಾರಾ ಬರೆದಿದ್ದಾನೆ. ಎಲ್ಲರೂ ಮೊದಲು ತೋರಿಸುವ ಸಾಕ್ಷಿ ಅದೇ. ಆದರೆ ಅದರಲ್ಲಿ ಯೇಸುವೇ ಕ್ರಿಸ್ತ, ಅಂದರೆ ದೇವರು ಕಳಿಸಿದ ರಕ್ಷಕ, ಸತ್ತ ಮೂರನೇ ದಿನ ಎದ್ದು ಬಂದ ಅಂತಲೂ ಇದೆ. ಕ್ರೈಸ್ತನಲ್ಲದ ಯಹೂದಿ ಹಾಗೆ ಬರೆಯಲಾರ. ನಂತರದ ಕಾಲದಲ್ಲಿ ಪ್ರತಿ ಮಾಡಿದ ಕ್ರೈಸ್ತರು ಯಾರೋ ಆ ಸಾಲುಗಳನ್ನು ಸೇರಿಸಿದ್ದಾರೆ ಅನ್ನುವುದು ಹೆಚ್ಚಿನ ವಿದ್ವಾಂಸರ ಮಾತು. ಕೌಸಲ್ಯಮ್ಮ ಅದನ್ನು ಜೆರಾಕ್ಸ್ ಮಾಡಿಸಿಕೊಂಡು ಬಂದರು.

ಸಭೆಗೆ ನಾಲ್ಕೈದು ದಿನ ಇರುವಾಗ ಖುರ್ಷಿದಾ ಕೌಸಲ್ಯಮ್ಮನವರ ಮನೆಗೇ ಬಂದರು. ಅದೇ ಪ್ಯಾರಾವನ್ನು ಹಳೇ ಪುಸ್ತಕವೊಂದರಿಂದ ಪೂರ್ತಿ ಬರೆದುಕೊಂಡಿದ್ದರು.

"ಮೇಡಂ, ರೋಮ್ ವಿಷ್ಯ ನಿಮಗೇ ಚೆನ್ನಾಗಿ ಗೊತ್ತಿರೋದು. ಇದರಲ್ಲೇನಾದ್ರೂ ಹುಷಾರಾಗಿರಬೇಕಾ?"

ಕೌಸಲ್ಯಮ್ಮ ಹಾಳೆಯ ಮೇಲೆ ಕಣ್ಣಾಡಿಸಿದರು. ಜೆರಾಕ್ಸ್ ಒಳಗಿನ ಕೋಣೆಯ ಬೀರುವಿನಲ್ಲಿತ್ತು.

"ಚೆನ್ನಾಗಿದೆ ಖುರ್ಷಿದಾ. ಇದನ್ನೇ ಮೊದಲು ಹೇಳಿ," ಅಂದು ಕಾಫಿ ಕೊಟ್ಟರು.

ಸಭೆಯ ದಿನ ಖುರ್ಷಿದಾ ಆ ಪ್ಯಾರಾದಿಂದಲೇ ಶುರುಮಾಡಿ ಚೆನ್ನಾಗಿ ಮಾತಾಡಿದರು. ಒಬ್ಬರು ಎದ್ದು, "ನಿಮ್ಮ ಕುರಾನಿನಲ್ಲೂ ಯೇಸು ಇದಾರಲ್ಲ ಮೇಡಂ, ಅದನ್ಯಾಕೆ ಹೇಳಲಿಲ್ಲ?" ಅಂದರು.

"ನನ್ನ ನಂಬಿಕೆಗೆ ಅದು ಸಾಕು ಸಾರ್. ಆದರೆ ಅದು ಬಂದದ್ದು ಆರುನೂರು ವರ್ಷ ಆದಮೇಲೆ. ಈ ಲೆಕ್ಕಕ್ಕೆ ಅದನ್ನ ಸೇರಿಸೋಕಾಗಲ್ಲ."

ಸಭೆ ತಲೆದೂಗಿತು. ಅದನ್ನು ನೋಡಿ ಕೌಸಲ್ಯಮ್ಮನವರಿಗೆ ಕೂರಲಾಗಲಿಲ್ಲ. ಎದ್ದುನಿಂತು, ಕೈಯಲ್ಲಿ ಜೆರಾಕ್ಸ್ ಹಾಳೆ ಹಿಡಿದು, ಆ ಪ್ಯಾರಾದ ಒಂದೊಂದು ಸಾಲನ್ನೂ ಕಿತ್ತುಹಾಕಿದರು. "ತಿದ್ದಿದ ಸಾಕ್ಷಿ ಇದು. ಇಂಥದ್ದನ್ನ ಮೊದಲನೇ ವರ್ಷದ ಹುಡುಗೀರೂ ಒಪ್ಪಲ್ಲ. ಆಧಾರ ಅನ್ನೋದು ಏನೂ ಇಲ್ಲ ಅಂತಾಯ್ತು."

ಖುರ್ಷಿದಾ ಕೌಸಲ್ಯಮ್ಮನವರನ್ನೇ ನೋಡುತ್ತಾ ನಿಂತರು. ಮೊನ್ನೆ ನಿಮ್ಮನ್ನೇ ಕೇಳಿದ್ದೆನಲ್ಲ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ.

"ಮೇಡಂ ಹೇಳಿದ್ದು ಸರಿ. ನಾನು ವಿಚಾರಿಸದೆ ನಂಬಿದೆ," ಅಂದು ಕೂತರು.

ಲಕ್ಷ್ಮೀನರಸಿಂಹಯ್ಯ ಬಿಡಲಿಲ್ಲ. "ಕೌಸಲ್ಯಮ್ಮ, ಸೇರಿಸಿದ ಸಾಲು ತೆಗೆದ ಮೇಲೆ ಏನೂ ಉಳಿಯಲ್ವಾ? ನೀವೂ ಓದಿದೀರಲ್ಲ, ಹೇಳಿ."

ಕೌಸಲ್ಯಮ್ಮ ತಡವರಿಸಿದರು. ಓದಿದ್ದೆಲ್ಲ ನೆನಪಿತ್ತು, ಸುಳ್ಳು ಹೇಳಲು ಬಾಯಿ ಬರಲಿಲ್ಲ, ಇದ್ದದ್ದನ್ನೇ ಹೇಳತೊಡಗಿದರು. ಅದೇ ಯಹೂದಿ ಇನ್ನೊಂದು ಕಡೆ ಯಾಕೋಬ ಅನ್ನುವವನ ಕೊಲೆಯ ಸುದ್ದಿ ಬರೆಯುತ್ತಾ, ಆತ ಕ್ರಿಸ್ತ ಅನ್ನಿಸಿಕೊಂಡ ಯೇಸುವಿನ ತಮ್ಮ ಅಂದಿದ್ದಾನೆ. ಹೊಗಳಿಕೆ ಇಲ್ಲ, ಗುರುತಿಗೆ ಹೇಳಿದ ಮಾತು ಅಷ್ಟೇ. ರೋಮಿನ ಇತಿಹಾಸಕಾರನೊಬ್ಬ ಕ್ರೈಸ್ತರನ್ನು ಕಂಡರೆ ಅಸಹ್ಯಪಡುತ್ತಲೇ, ಅವರ ಗುರುವನ್ನು ರೋಮಿನ ಅಧಿಕಾರಿ ಪಿಲಾತ ಕೊಲ್ಲಿಸಿದ ಅಂತ ಬರೆದಿದ್ದಾನೆ. ಅವನಿಗೆ ಸುದ್ದಿ ಎಲ್ಲಿಂದ ಸಿಕ್ಕಿತೋ ಗೊತ್ತಿಲ್ಲ. ಬರೆದದ್ದು ಎಂಬತ್ತು ವರ್ಷದ ಮೇಲೆ.

"ಪವಾಡಕ್ಕೆ ಸಾಕ್ಷಿ ಇಲ್ಲ," ಅಂದರು ಕೊನೆಗೆ. "ಅಂಥ ಒಬ್ಬ ಮನುಷ್ಯ ಇದ್ದ, ಅವನನ್ನ ಕೊಂದರು ಅನ್ನೋದಕ್ಕೆ ಇದೆ. ಏನೂ ಇಲ್ಲ ಅಂದದ್ದು ಹೆಚ್ಚಾಯ್ತು."

ಚಪ್ಪಾಳೆ ಬಿತ್ತು. ಬಹಳ ವರ್ಷದ ಮೇಲೆ ಅವರಿಗೆ ಸಿಕ್ಕ ಚಪ್ಪಾಳೆ ಅದು.

ಹೊರಗೆ ಬೇವಿನ ಮರದ ಕೆಳಗೆ ಖುರ್ಷಿದಾ ಕಾಯುತ್ತಿದ್ದರು.

"ನಾನು ಮನೆಗೆ ಬಂದಾಗಲೇ ನಿಮಗೆ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು."

ಖುರ್ಷಿದಾ ತಲೆಯಾಡಿಸಿ ಬಸ್ ಸ್ಟ್ಯಾಂಡ್ ಕಡೆ ನಡೆದರು. ಆಮೇಲೆ ಕಾಲೇಜಿನಲ್ಲಿ ಅವರಿಬ್ಬರ ನಡುವೆ ಟೈಮ್‌ಟೇಬಲ್ಲಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಎರಡು ವರ್ಷದಲ್ಲಿ ಖುರ್ಷಿದಾಗೆ ಸರ್ಕಾರಿ ಕೆಲಸ ಸಿಕ್ಕಿ ಕುಣಿಗಲ್ಲಿಗೇ ಹೋದರು. ವಿಭಾಗ ಮತ್ತೆ ಕೌಸಲ್ಯಮ್ಮನವರದಾಯಿತು. ಬಾಗಿಲಲ್ಲಿ ಇಣುಕುವ ಹುಡುಗಿಯರು ಮಾತ್ರ ಕಡಿಮೆಯಾದರು.

೨೦೦೪ರಲ್ಲಿ ಬಳಗದ ಜವಾಬ್ದಾರಿ ಕೌಸಲ್ಯಮ್ಮನವರಿಗೆ ಬಂತು. ಹೊಸ ಮೇಷ್ಟ್ರುಗಳು ಆ ಯೇಸುವಿನ ಉಪನ್ಯಾಸ ಮತ್ತೆ ಬೇಕು ಅಂದರು. ತಾವೇ ಮಾಡಬಹುದಿತ್ತು. ಒಂದು ವಾರ ಹಾಗೇ ಅಂದುಕೊಂಡರು. ಆಮೇಲೆ ಯಾಕೋ ಕುಣಿಗಲ್ ಬಸ್ಸು ಹತ್ತಿದರು.

ಖುರ್ಷಿದಾ ಬಾಗಿಲು ತೆಗೆದು ಪಕ್ಕಕ್ಕೆ ಸರಿದರು. "ಒಳಗೆ ಬನ್ನಿ ಮೇಡಂ," ಅಂದರು.

"ಅವತ್ತು ನಾನು ಮಾಡಿದ್ದು ಹೊಟ್ಟೆಕಿಚ್ಚಿನಿಂದ," ಅಂದರು ಕೌಸಲ್ಯಮ್ಮ, ಕುರ್ಚಿಯಲ್ಲಿ ಕೂರುವ ಮೊದಲೇ. "ಈಗಲೂ ಹೋಗಿಲ್ಲ. ಆದರೂ ಬಂದು ಮಾತಾಡಿ."

"ಗೊತ್ತಿತ್ತು," ಅಂದರು ಖುರ್ಷಿದಾ. "ನನಗೂ ಬಹಳ ಸಿಟ್ಟಿತ್ತು. ಬರ್ತೀನಿ."

ಬಂದರು. ಉಪನ್ಯಾಸ ಮೊದಲಿಗಿಂತ ಚೆನ್ನಾಗಿತ್ತು. ಮೊದಲೇ ಆ ಪ್ಯಾರಾ ಓದಿ, ಸೇರಿಸಿದ ಸಾಲುಗಳನ್ನು ಬಿಡಿಸಿ ತೋರಿಸಿ, "ಇದನ್ನ ನನಗೆ ಕಲಿಸಿದವರು ಕೌಸಲ್ಯಾ ಮೇಡಂ," ಅಂದರು. ಎಲ್ಲರೂ ಮುಂದೆ ಕೂತಿದ್ದ ಅವರ ಕಡೆ ನೋಡಿದರು. ಕೌಸಲ್ಯಮ್ಮ ಕೈಮುಗಿದರು. ಎದೆಯಲ್ಲಿ ಅದೇ ಹಳೇ ಬಿಸಿ ಎದ್ದಿತ್ತು. ಈ ದೊಡ್ಡತನವೂ ಇವಳದೇ ಆಯಿತಲ್ಲ ಅಂದುಕೊಂಡರು.

ಊಟಕ್ಕೆ ಎಲ್ಲರೂ ಎದ್ದಾಗ ಖುರ್ಷಿದಾ ಪಕ್ಕದ ಕುರ್ಚಿ ಖಾಲಿ ಇತ್ತು. ಕೌಸಲ್ಯಮ್ಮ ತಟ್ಟೆ ಹಿಡಿದು ಹೋಗಿ ಅಲ್ಲೇ ಕೂತರು.