ಬಾಗಿಲಿಗೆ ಹಚ್ಚಿದ ಕೆಂಪು ಹಾಳೆ

ಅಂಗನವಾಡಿಯ ಮಾಲಾಗೆ ಸಿಟ್ಟೇ ಬರುವುದಿಲ್ಲ ಎಂದು ಸುರೇಬಾನದ ಆಚೆಯ ಆ ಹಳ್ಳಿ ಹತ್ತೊಂಬತ್ತು ವರ್ಷ ನಂಬಿತ್ತು. ನಂಬದೆ ಏನು ಮಾಡೀತು? ಮಕ್ಕಳು ಸೀರೆಯ ಮೇಲೆ ಉಪ್ಪಿಟ್ಟು ಚೆಲ್ಲಿದರೂ ನಗುತ್ತಿದ್ದ ಹೆಂಗಸು ಆಕೆ. ಕೊರೊನಾದ ಎರಡನೇ ವರ್ಷ ಆ ನಗು ಹೋಯಿತು. ಅದನ್ನು ಕಿತ್ತುಕೊಂಡದ್ದು ರೋಗವೊಂದೇ ಅಲ್ಲ.

ಆಕೆಯದೊಂದು ಪದ್ಧತಿ ಇತ್ತು. ಶನಿವಾರ ಸಂಜೆ ಮೈದಾ ಕುದಿಸಿ ಅಂಟು ಮಾಡಿಕೊಂಡು, ವಾರವೆಲ್ಲ ಮಕ್ಕಳು ಗೀಚಿದ ಚಿತ್ರಗಳನ್ನು ಅವರವರ ಮನೆಯ ಬಾಗಿಲಿಗೇ ಹಚ್ಚಿ ಬರುತ್ತಿದ್ದಳು. ಹೊಲದಿಂದ ಬಂದ ಅಪ್ಪ ಅವ್ವ ಅದನ್ನು ನೋಡದೆ ಒಳಗೆ ಹೋಗುವಂತಿರಲಿಲ್ಲ. ಆಕೆಯ ಕೈಯಲ್ಲಿ ಅಂಟಿನ ಡಬ್ಬಿ ಕಂಡರೆ ಸಾಕು, ಓಣಿಯ ಮಕ್ಕಳೆಲ್ಲ ಬೆನ್ನು ಹತ್ತುತ್ತಿದ್ದವು. ಎಲ್ಲರಿಗಿಂತ ಮುಂದೆ ನಾಲ್ಕು ವರ್ಷದ ಪ್ರಣಿತಾ.

ಆ ಮೇ ತಿಂಗಳಲ್ಲಿ ಅಂಗನವಾಡಿಗೆ ಬೀಗ ಬಿತ್ತು. ಮಾಲಾಗೆ ಬಿಡುವು ಸಿಕ್ಕಿತು ಎಂದುಕೊಂಡಿರಾ? ಸಿಕ್ಕಿದ್ದು ಮನೆಮನೆಯ ಸರ್ವೆ, ಮೊಟ್ಟೆ ಹಂಚುವುದು, ಮೊಟ್ಟೆ ಹಿಡಿದ ಮಗುವಿನ ಫೋಟೊ ಕಳಿಸುವುದು. ರಕ್ಷಣೆಗೆ ಕೊಟ್ಟದ್ದು ಒಂದೇ ಒಂದು ಬಟ್ಟೆಯ ಮಾಸ್ಕು. ಅದು ಸಾಲದೆಂಬಂತೆ, ರೋಗ ಬಂದ ಮನೆಯ ಬಾಗಿಲಿಗೆ 'ಈ ಮನೆಗೆ ಯಾರೂ ಬರಬೇಡಿ' ಎಂಬ ಕೆಂಪು ಹಾಳೆ ಹಚ್ಚುವ ಕೆಲಸವೂ ಆಕೆಯ ಕೊರಳಿಗೇ ಬಿತ್ತು. "ಹಚ್ಚೂದು ನಿಮಗ ರೂಢಿ ಐತೆಲ್ಲ" ಎಂದು ಮೇಲಿನವರೊಬ್ಬರು ನಕ್ಕರಂತೆ. ನಗದೇನು, ಅವರ ಮನೆ ಬಾಗಿಲು ಚೊಕ್ಕಟವಾಗಿತ್ತಲ್ಲ!

ಪ್ರಣಿತಾಳ ಅಜ್ಜಿ ರಾಮವ್ವನಿಗೆ ರೋಗ ತಗುಲಿತು. ಮಾಲಾ ಅಂಟಿನ ಡಬ್ಬಿ ಹಿಡಿದು ಹೋದಳು. ರೂಢಿಯ ಕೈ ನೋಡಿ, ಶನಿವಾರದ ಚಿತ್ರಗಳ ಜಾಗಕ್ಕೇ ಕೆಂಪು ಹಾಳೆಯನ್ನು ಒತ್ತಿತು. ಒಳಗಿಂದ ಪ್ರಣಿತಾ ಚಪ್ಪಾಳೆ ತಟ್ಟಿ ಕೂಗಿದಳು: "ಅಕ್ಕೋರ, ನಂದ ಚಿತ್ರ ಏನ್ರಿ?" ಇನ್ನೂ ಹನ್ನೊಂದು ಮನೆ ಉಳಿದಿದ್ದವು. ಮಾಲಾ ಡಬ್ಬಿ ಎತ್ತಿಕೊಂಡು ಮುಂದಿನ ಮನೆಗೆ ನಡೆದಳು. ಮರುದಿನ ಆಂಬುಲೆನ್ಸ್ ಬಂತು. ಅದರಲ್ಲಿ ಹೋದ ರಾಮವ್ವ ತಿರುಗಿ ಬರಲಿಲ್ಲ, ಆಕೆಯ ಹೆಣವೂ ಮನೆಗೆ ಬರಲಿಲ್ಲ.

ಎರಡು ವಾರ ಕಳೆದು ಮಾಲಾ ಮೊಟ್ಟೆ ಕೊಡಲು ಒಳಗೆ ಹೋದಾಗ ಪ್ರಣಿತಾ ಜೋಳದ ಚೀಲದ ಹಿಂದೆ ಅವಿತು ಕುಳಿತಳು. "ಅಕ್ಕೋರು ಹಾಳಿ ಹಚ್ಚಿದ್ರು, ಅದಕ್ಕ ಅಜ್ಜಿ ಹೋದ್ಲು ಅಂತ ಆವತ್ತ ಅಂದಿತ್ರಿ. ಆಮ್ಯಾಲ ಮಾತ ಬಿಟ್ಟೈತಿ," ಎಂದ ಅಪ್ಪ ಲಕ್ಷ್ಮಣ, ಮಾಲಾಳ ಮುಖ ನೋಡದೆ.

ಆಗಲೇ ಫೋನು ಬಡಿದುಕೊಂಡಿತು. ಶಿಕ್ಷಕಿಯರ ಮತ್ತು ಮಕ್ಕಳ ಮನೋಬಲದ ಬಗ್ಗೆ ಆನ್‌ಲೈನ್ ತರಬೇತಿ! ಮೇಲ್ವಿಚಾರಕಿ ಶೀತಲ ಮೇಡಂ ಎಲ್ಲರಿಗೂ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡಲು ಹೇಳಿದರು. ಬಳಿಕ, "ಮಾಲಾ ಅವರ, ಖುಷಿ ಇರೋ ಮಕ್ಕಳ ಫೋಟೊ ನಿಮ್ಮದೊಂದ ಬಂದಿಲ್ಲ ನೋಡ್ರಿ" ಎಂದರು.

ಹತ್ತೊಂಬತ್ತು ವರ್ಷದ ಸಿಟ್ಟು ಒಮ್ಮೆಲೇ ಉಕ್ಕಿತು. "ಉಸರಾಡಾಕ ನಮಗ ಬರತೈತ್ರಿ ಮೇಡಂ. ಜ್ವರ ಬಂದೈತೇನು, ಉಂಡಿಯೇನು ಅಂತ ಒಮ್ಮೆರ ಕೇಳೀರೇನ್ರಿ? ಇಲ್ಲೊಂದು ಕೂಸು ನನ್ನ ನೋಡಿ ಚೀಲದ ಹಿಂದ ಅಡಗೇತಿ. ಅದರ ಫೋಟೊ ಕಳಸಲೇನ್ರಿ?" ಮಾಲಾ ಫೋನು ಆರಿಸಿದಳು.

ಕ್ವಾರಂಟೈನಿನ ದಿನ ತುಂಬಿದರೂ ಆ ಮನೆಯ ಹಾಳೆ ತೆಗೆಯುವ ಆದೇಶ ಬಂದಿರಲಿಲ್ಲ. ಹಾಳಾಗಿ ಹೋಗಲಿ ಆದೇಶ! ಪ್ರಣಿತಾಳನ್ನು ಎತ್ತಿ ತಂದು ಬಾಗಿಲ ಮುಂದೆ ನಿಲ್ಲಿಸಿದಳು. "ನಾನ ಹಚ್ಚೇನಿ ಇದನ್ನ. ನೀನ ಹರಿ."

ಮಗು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಉಗುರಿನಿಂದ ಕೆರೆಯಿತು, ಚೂರು ಚೂರಾಗಿ ಹರಿಯಿತು. ಬಾಗಿಲು ಬರಿದಾದ ಮೇಲೆ ತಿರುಗಿ ನೋಡಿತು.

"ಈಗ ಅಜ್ಜಿ ಬರತಾಳೇನ್ರಿ?"

ಇದಕ್ಕೆ ಏನು ಹೇಳಬೇಕೆಂದು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. ಮಾಲಾ ಕೆಳಗೆ ಕುಳಿತಳು. "ಬರೂದಿಲ್ಲ ಕೂಸ. ಅಜ್ಜಿ ಸತ್ತಾಳ. ಜಡ್ಡಾಗಿ ಸತ್ತಾಳ, ಹಾಳಿ ಹಚ್ಚಿದ್ದಕ್ಕಲ್ಲ."

ಪ್ರಣಿತಾ ಕಿರುಚಿ ಆಕೆಯನ್ನು ಹೊಡೆಯತೊಡಗಿದಳು, ಎದೆಗೆ, ಕೆನ್ನೆಗೆ, ಸಿಕ್ಕಲ್ಲಿ. ಲಕ್ಷ್ಮಣ ಬಿಡಿಸಲು ಓಡಿ ಬಂದ. "ಹೊಡೀಲಿ ಬಿಡ್ರಿ," ಎಂದಳು ಮಾಲಾ. ಕೈ ಸೋತ ಮೇಲೆ ಮಗು ಆಕೆಯ ಹೆಗಲ ಮೇಲೇ ಬಿದ್ದು ಅತ್ತಿತು.

ಮರುದಿನ ಕೆಂಪು ಹಾಳೆಗಳ ಹೊಸ ಕಟ್ಟು ಬಂತು. ಮಾಲಾ ಅದನ್ನು ಮುಟ್ಟಲಿಲ್ಲ. ತಂದವನಿಗೆ ಹೇಳಿದಳು: "ಬ್ಯಾರೆದವರ ಕೈಲೆ ಹಚ್ಚಸ್ರಿ. ಕೆಲಸ ಹೋದ್ರ ಹೋಗ್ಲಿ. ಇವನ್ನೆಲ್ಲಾ ನಾನ ಹಚ್ಚಿದ್ರ, ಆ ಮನಿ ಕೂಸುಗಳೂ ನನ್ನ ನೋಡಿ ಅಡಗತಾವ. ನಾಳೆ ಅವಕ್ಕ ಸಾವಿನ ಸುದ್ದಿ ಹೇಳಾಕ ಯಾರ್ನ ಕಳಸ್ತೀರಿ?"