ಹೊರಗೆ ಚಾಚಿದ ಚಕ್ರ

ಪೂವಣ್ಣ ಸೇನೆಯ ವಾಹನ ದುರಸ್ತಿ ವಿಭಾಗದಲ್ಲಿ ಸುಬೇದಾರನಾಗಿದ್ದು ನಿವೃತ್ತನಾದವನು. ಮಗಳು ತಾನ್ಯಾಳ ಕಾಲೇಜು ದೆಹಲಿಯಲ್ಲೇ ಇದ್ದುದರಿಂದ ಘಾಜಿಯಾಬಾದಿನಲ್ಲಿ ಫ್ಲ್ಯಾಟ್ ಹಿಡಿದು ಉಳಿದುಬಿಟ್ಟ. ದೆಹಲಿಯ ಕೊಡಗಿನವರಲ್ಲಿ ಯಾರ ಗಾಡಿ ಕೆಮ್ಮಿದರೂ ಮೊದಲ ಫೋನು ಅವನಿಗೇ ಬರುತ್ತಿತ್ತು. ಅವನು ಬಾನೆಟ್ ಎತ್ತಿ ಒಂದು ಮಾತು ಹೇಳಿದರೆ ಅದರ ಮೇಲೆ ಇನ್ನೊಬ್ಬರು ಮಾತಾಡುತ್ತಿರಲಿಲ್ಲ. ಆ ಮರ್ಯಾದೆ ಅವನಿಗೆ ಬಹಳ ಇಷ್ಟ.

ಎರಡು ಸಾವಿರದ ಐದರಲ್ಲಿ ಅವನು ಹರಾಜಿನಲ್ಲಿ ಹಳೆಯ ಜಿಪ್ಸಿ ಜೀಪೊಂದನ್ನು ಕೊಂಡ. ಎಂಜಿನ್ ಬಿಚ್ಚಿ ಜೋಡಿಸಿದ, ಹಸಿರು ಬಣ್ಣ ಬಳಿದ. ಕೊನೆಗೆ ಕಲ್ಲು ಮಣ್ಣಿನ ದಾರಿಗೆ ಆಗುವಂಥ ಎತ್ತರದ, ಅಗಲದ ಟೈರು ಹಾಕಿಸಬೇಕೆನಿಸಿತು.

ಅಂಥ ಟೈರನ್ನು ಹಳೆಯ ರಿಮ್ಮಿಗೇ ಕೂರಿಸಿದರೆ ಅದು ಒಳಬದಿಯಲ್ಲಿ ಸ್ಪ್ರಿಂಗಿನ ಪಟ್ಟಿಗೆ ಉಜ್ಜುತ್ತದೆ. ಚಕ್ರವನ್ನು ತುಸು ಹೊರಕ್ಕೆ ತರುವ ರಿಮ್ಮು ಬೇಕು. ರಿಮ್ಮಿನ ಅಗಲದ ನಡುವೆ ಒಂದು ಗೆರೆ ಎಳೆದರೆ, ಬೋಲ್ಟು ಬಿಗಿಯುವ ಮುಖ ಆ ಗೆರೆಯಿಂದ ಎಷ್ಟು ಆಚೀಚೆ ಇದೆ ಎಂಬುದೇ ಆಫ್‌ಸೆಟ್. ಮುಖ ಒಳಕ್ಕೆ ಸರಿದಷ್ಟೂ ಚಕ್ರ ಹೊರಕ್ಕೆ ಚಾಚುತ್ತದೆ. ಅತಿಯಾದರೆ ಸ್ಪ್ರಿಂಗು ಬಚಾವಾದರೂ ಮಡ್‌ಗಾರ್ಡಿನ ಅಂಚು ಟೈರಿಗೆ ಕತ್ತಿಯಾಗುತ್ತದೆ. ಇದನ್ನೆಲ್ಲ ಪೂವಣ್ಣ ಸೇನೆಯಲ್ಲಿ ಹುಡುಗರಿಗೆ ಪಾಠ ಮಾಡಿದ್ದವನು. ಗಾಡಿ ತುಂಬ ಭಾರ ಹೇರಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡದೆ ಚಕ್ರ ಸರಿಯಿದೆ ಎನ್ನಬಾರದೆಂದು ಗದರಿಸಿ ಕಲಿಸಿದ್ದವನು.

ಅಂಗಡಿಯಲ್ಲಿ ಎರಡು ಬಗೆಯ ರಿಮ್ಮುಗಳಿದ್ದವು. ಒಂದು ಚಕ್ರವನ್ನು ಬೇಕಾದಷ್ಟೇ ಹೊರಕ್ಕೆ ತರುತ್ತಿತ್ತು. ಇನ್ನೊಂದರಲ್ಲಿ ಚಕ್ರ ಮಡ್‌ಗಾರ್ಡನ್ನೂ ದಾಟಿ ಗೂಳಿಯ ಭುಜದಂತೆ ನಿಲ್ಲುತ್ತಿತ್ತು. ಪೂವಣ್ಣ ಎರಡನೆಯದನ್ನು ತಂದ. ಖಾಲಿ ಗಾಡಿಯಲ್ಲಿ ಕಾಲೊನಿ ಸುತ್ತಿದ, ಎಲ್ಲೂ ಸದ್ದಿಲ್ಲ. ಭಾರ ಹಾಕಿ ನೋಡಬೇಕೆಂದು ನೆನಪಾಯಿತು. ನೋಡಿದರೆ ಎಲ್ಲಿ ಇದನ್ನು ಬಿಚ್ಚಬೇಕಾಗುತ್ತದೋ ಎಂದು ನೋಡಲಿಲ್ಲ.

ಆ ಚಳಿಗಾಲದ ಒಂದು ಭಾನುವಾರ ಕೊಡಗಿನ ಕುಟುಂಬಗಳೆಲ್ಲ ಹರಿಯಾಣದ ಸೋಹ್ನಾದ ಕಡೆಯ ಗುಡ್ಡಗಳಿಗೆ ಊಟ ಕಟ್ಟಿಕೊಂಡು ಹೊರಟವು. ಜಿಪ್ಸಿಯಲ್ಲಿ ಪೂವಣ್ಣನ ಪಕ್ಕ ಹೆಂಡತಿ ದೇಚಮ್ಮ, ಹಿಂದೆ ತಾನ್ಯಾ, ಇನ್ನಿಬ್ಬರು ಹೆಂಗಸರು ಮತ್ತು ಮಾಚಮ್ಮ. ಮಾಚಮ್ಮ ದೇಚಮ್ಮನ ಚಿಕ್ಕಪ್ಪನ ಮಗಳು, ದೆಹಲಿಯ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದು ಸರ್ಕಾರಿ ಕಚೇರಿಗೆ ಹೋಗುತ್ತಿದ್ದವಳು. ಆಪರೇಷನ್ನಾದ ಮೇಲೆ ಮೈ ಬಂದಿತ್ತು. ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದವಳನ್ನು ಅಂದು ದೇಚಮ್ಮ ಬಲವಂತ ಮಾಡಿ ಕರೆತಂದಿದ್ದಳು.

ಡಾಂಬರು ಮುಗಿದು ಕಚ್ಚಾ ದಾರಿ ಹಳ್ಳಕ್ಕಿಳಿಯುವಲ್ಲಿ ಹಿಂದಿನಿಂದ ಕರಕರ ಸದ್ದು ಬಂತು. ಮುಂದಿನ ಗುಂಡಿಯಲ್ಲಿ ಅದು ಕಿರುಚಿದಂತಾಗಿ ರಬ್ಬರು ಸುಟ್ಟ ವಾಸನೆ ಹರಡಿತು. ಪೂವಣ್ಣ ಇಳಿದು ನೋಡಿದ. ಮಡ್‌ಗಾರ್ಡಿನ ಅಂಚು ಟೈರಿನ ಭುಜವನ್ನು ಸೀಳಿತ್ತು. ಯಾಕೆಂದು ಅವನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅಷ್ಟರಲ್ಲಿ ಹಿಂದಿನ ಕಾರುಗಳವರೂ ಇಳಿದು ಬಂದು ಸುತ್ತ ನಿಂತಿದ್ದರು. ಏನಾಯಿತು ಪೂವಣ್ಣ ಎಂದು ಯಾರೋ ಕೇಳಿದರು.

“ಏನಿಲ್ಲ, ಹಿಂದೆ ಭಾರ ಜಾಸ್ತಿಯಾಯ್ತು,” ಎಂದ ಪೂವಣ್ಣ. ಅಲ್ಲಿಗೆ ನಿಲ್ಲಿಸಲಿಲ್ಲ. “ಮಾಚಮ್ಮ ಒಬ್ಬಳು ಇಳಿದರೆ ಸಾಕು, ಗಾಡಿ ಎದ್ದುಬಿಡುತ್ತೆ.”

ಕೆಲವರು ನಕ್ಕರು. ಮಾಚಮ್ಮನೂ ನಕ್ಕು, ನಡೆದರೆ ತನಗೂ ಒಳ್ಳೆಯದೆಂದು ಹೇಳಿ, ಕೈಚೀಲ ಹಿಡಿದು ಇಳಿದಳು. ಧೂಳಿನಲ್ಲಿ ಸೀರೆ ತುಸು ಎತ್ತಿಕೊಂಡು ಏರು ಹತ್ತತೊಡಗಿದಳು. ತಾನ್ಯಾ ಅಪ್ಪನ ಮುಖವನ್ನೊಮ್ಮೆ ನೋಡಿ, ಇಳಿದು ಅವಳ ಜೊತೆ ನಡೆದಳು. ಪೂವಣ್ಣ ಸ್ಟೆಪ್ನಿ ಚಕ್ರ ಹಾಕಿ ಗಾಡಿಯನ್ನು ನಿಧಾನವಾಗಿ ಮೇಲಕ್ಕೆ ತಂದ. ಊಟದ ಹೊತ್ತಿಗೆ ಮಾಚಮ್ಮ ಹೊಟ್ಟೆ ಸರಿಯಿಲ್ಲವೆಂದು ಎರಡು ತುತ್ತು ತಿಂದು ಎಲೆ ಮಡಚಿದಳು. ಪೂವಣ್ಣ ಎಲೆಯ ಮುಂದೆ ಕೂತು ಲೆಕ್ಕ ಹಾಕಿದ. ಎಂಟು ಜನರನ್ನು ಹೊರಲೆಂದೇ ಮಾಡಿದ ಗಾಡಿ ಅದು. ಅವತ್ತು ಅದರಲ್ಲಿ ಇದ್ದವರು ಆರೇ ಜನ. ವಾಪಸು ಬರುವಾಗ ಅವಳು ಬೇರೆಯವರ ಕಾರಿನಲ್ಲಿ ಹೋದಳು.

ಆ ವಾರವೇ ಅವನು ರಿಮ್ಮು ಬಿಚ್ಚಿ ಮೊದಲು ಬಿಟ್ಟುಬಂದಿದ್ದ ಬಗೆಯದನ್ನು ತಂದ. ಹಿಂದೆ ಮರಳಿನ ಚೀಲ ಹೇರಿದ, ಒಂದು ಚಕ್ರವನ್ನು ಇಟ್ಟಿಗೆಗಳ ಮೇಲೆ ಹತ್ತಿಸಿದ, ಸ್ಟೇರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿದ. ಒಳಗೂ ಹೊರಗೂ ಬೆರಳು ಸಲೀಸಾಗಿ ಆಡಿತು. ಅದನ್ನು ಕಂಡು ಸಮಾಧಾನವಾಗುವ ಬದಲು ಮೈ ಹಿಡಿಯಾಯಿತು. ಇಷ್ಟೇ ಕೆಲಸ ಇದ್ದದ್ದು.

ಆರ್.ಕೆ.ಪುರಂಗೆ ಹೋದ. ಮಾಚಮ್ಮ ಕುರ್ಚಿ ಹಾಕಿದಳು. ಅವನು ಆಫ್‌ಸೆಟ್ಟು, ಮಡ್‌ಗಾರ್ಡು ಎಂದು ಬಹಳ ಹೊತ್ತು ಸುತ್ತಾಡಿದ.

“ಅದೆಲ್ಲ ನನಗ್ಯಾಕೆ ಭಾವ?” ಎಂದಳು ಅವಳು.

“ತಪ್ಪು ರಿಮ್ಮಿಂದು. ಶೋಕಿಗೆ ತಂದವನು ನಾನು. ಅವತ್ತು ನೋಡಿದ ಕೂಡಲೇ ಗೊತ್ತಾಗಿತ್ತು.”

“ಗೊತ್ತಿದ್ದೂ ಹಾಗೆ ಹೇಳಿದ್ರಾ?”

ಅವನು ಹೌದೆಂದು ತಲೆಯಾಡಿಸಿದ. ಮಾಚಮ್ಮ ಕಿಟಕಿಯ ಕಡೆ ತಿರುಗಿದಳು.

“ಅಲ್ಲಿ ಎಲ್ಲರ ಮುಂದೆ ಹೇಳಿದ್ರಿ. ಇಲ್ಲಿ ನಾನೊಬ್ಬಳೇ ಇದ್ದೀನಿ,” ಎಂದಳು. ಕಾಫಿ ಕೊಟ್ಟಳು.

ಮುಂದಿನ ಕೂಟ ಸೇರಿದಾಗ, ಊಟಕ್ಕೆ ಮೊದಲು ಪೂವಣ್ಣ ಎದ್ದು ನಿಂತ. ಸೋಹ್ನಾದಲ್ಲಿ ಟೈರು ಸೀಳಿಹೋದದ್ದು ತನ್ನ ತಪ್ಪಿನಿಂದ, ಮಾಚಮ್ಮನ ಮೇಲೆ ಹಾಕಿದ್ದು ಸುಳ್ಳು ಎಂದ. ತೊದಲಿದ. ತಮಾಷೆ ಮಾಡುತ್ತಿದ್ದಾನೆಂದುಕೊಂಡು ಯಾರೋ ನಕ್ಕರು. ಹಲವರಿಗೆ ಆ ಸಂಗತಿಯೇ ಮರೆತಿತ್ತು. ಈಗ ಮತ್ತೆ ನೆನಪಾಗಿ ಮಾಚಮ್ಮನತ್ತ ತಿರುಗಿ ನೋಡಿದರು. ಅವಳು ತಟ್ಟೆಗಳನ್ನು ಜೋಡಿಸುತ್ತಿದ್ದಳು. ಕತ್ತೆತ್ತಲಿಲ್ಲ. ಇದರಿಂದ ಅವಳಿಗೆ ಒಳ್ಳೆಯದಾಯಿತೋ ಇನ್ನಷ್ಟು ನೋವಾಯಿತೋ ಪೂವಣ್ಣನಿಗೆ ತಿಳಿಯಲಿಲ್ಲ.

ಅವಳು ಮಾತು ಬಿಡಲಿಲ್ಲ. ಹಬ್ಬಕ್ಕೆ ಮನೆಗೆ ಬಂದಳು, ತಾನ್ಯಾಳ ಮದುವೆಯಲ್ಲಿ ಮುಂದೆ ನಿಂತು ಓಡಾಡಿದಳು. ಬಿಟ್ಟುಬರುತ್ತೇನೆಂದು ಪೂವಣ್ಣ ಕರೆದರೆ ಒಮ್ಮೊಮ್ಮೆ ಒಪ್ಪುತ್ತಿದ್ದಳು ಕೂಡ. ಆದರೆ ಹತ್ತುವ ಮೊದಲು, ಇನ್ನೂ ಯಾರು ಬರುತ್ತಾರೆ, ಎಷ್ಟು ಜನ ಆಗುತ್ತೆ ಎಂದು ಮೆಲ್ಲಗೆ ಕೇಳುತ್ತಿದ್ದಳು. ಅವಳು ಕೇಳಿದಾಗಲೆಲ್ಲ ಪೂವಣ್ಣ ಬೀಗದ ಕೈ ನೋಡುತ್ತ ನಿಲ್ಲುತ್ತಿದ್ದ.