ಒಳಲೆಗೆ ಚೆಲ್ಲಿದ ಹಾಲು

ಮೊಮ್ಮಕ್ಕಳೇ, ಮೊನ್ನೆ ನಿಮ್ಮಮ್ಮ ಹುಣಸೆಹಣ್ಣು ಹಾಕಿ ಬೆಳ್ಳಿಯ ಒಳಲೆ ಉಜ್ಜುತ್ತಿದ್ದಳು. ಎಳೆಮಗುವಿನ ಬಾಯಿಗೆ ಹಾಲು ಬಿಡುವ, ಮೂತಿ ಚೂಪಾದ ಆ ಪುಟ್ಟ ಬಟ್ಟಲು. ಕಪ್ಪು ಹೋಗುತ್ತಿದ್ದಂತೆ ಅದರ ಹೊಟ್ಟೆಯ ಮೇಲಿನ ತಗ್ಗು ಕಾಣಿಸಿತು. ನನಗೆ ನರ್ಸಮ್ಮ ನೆನಪಾದರು.

ಭಂಡಿಗಡಿ ಸುತ್ತಿನ ಮನೆಗಳಿಗೆಲ್ಲ ಆಗ ನಡೆದೇ ಬರುತ್ತಿದ್ದ ಸರ್ಕಾರಿ ದಾದಿ ಅವರು. ಹೆಗಲಿಗೆ ಕಪ್ಪು ಚೀಲ, ಕಾಡಿನ ಜಿಗಣೆ, ಇಂಬಳ ಕಚ್ಚಿದ ಕಾಲು, ಸ್ವಲ್ಪ ದೊಡ್ಡ ಗಂಟಲು. ನನ್ನ ಅತ್ತೆಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ನನಗೆ ತಾಯಿ ಇರಲಿಲ್ಲ. ಹಾಗಾಗಿ ಮೊದಲ ಹೆರಿಗೆಯೂ ಗಂಡನ ಮನೆಯಲ್ಲೇ ಆಯಿತು. ಹುಟ್ಟಿದವನು ನಿಮ್ಮಪ್ಪ. ಮೊದಲು ಬರುವ ಹಳದಿ ಹಾಲು ಕೆಟ್ಟದ್ದು, ಮೂರು ದಿನ ಹಿಂಡಿ ಚೆಲ್ಲಬೇಕು ಎಂದು ಅತ್ತೆಯ ಕಟ್ಟಪ್ಪಣೆ. ಮಗುವಿಗೆ ಒಳಲೆಯಲ್ಲಿ ಸಕ್ಕರೆ ನೀರು. ನಾನು ಹಿಂಡಿ ಚೆಲ್ಲುತ್ತಿದ್ದೆ. ಎರಡನೆಯ ದಿನಕ್ಕೆ ಮಗು ಅಳುವುದನ್ನೂ ಬಿಟ್ಟಿತು. ತುಟಿ ಒಣಗಿತ್ತು, ಎಬ್ಬಿಸಿದರೂ ಕಣ್ಣು ಬಿಡುತ್ತಿರಲಿಲ್ಲ...

ನರ್ಸಮ್ಮ ಬಂದವರೇ ಮಗುವಿನ ಅಂಗಾಲಿಗೆ ಬೆರಳಿನಿಂದ ತಟ್ಟಿ ನೋಡಿದರು. ಸಿಟ್ಟಿಗೆ ಅವರ ಮುಖ ಕೆಂಪಾಯಿತು.

"ಹೋದ ತಿಂಗಳು ನಿಮ್ಮ ಕಪಿಲೆ ಕರು ಹಾಕಿದಾಗ ಗಿಣ್ಣಿಗೆ ಬೆಲ್ಲ, ಏಲಕ್ಕಿ ಹಾಕಿ ನಂಗೂ ಕೊಟ್ರಲ್ಲ ಅಮ್ಮ. ಅದೂ ಮೊದಲ ಹಾಲೇ ಅಲ್ವಾ? ಯಾರ ಹೊಟ್ಟೆ ಕೆಟ್ಟಿತು?"

"ಇವಳೆಂತ ದನವಾ?" ಎಂದರು ಅತ್ತೆ.

"ದನ ಆಗಿದ್ರೆ ಕರುನ ಹತ್ರ ಬಿಡ್ತಿದ್ರಿ."

ನರ್ಸಮ್ಮ ನನ್ನ ಕಡೆ ತಿರುಗಿದರು. "ನಿಂಗೆ ಎಂತ ಅನ್ಸತ್ತೆ ಮಾರಾಯ್ತಿ? ತಾಯಿ ನೀನು."

ಆ ಮನೆಗೆ ಬಂದ ಮೇಲೆ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಎದೆ ಕಲ್ಲಿನಂತೆ ಬಿಗಿದು ಸೀರೆ ಒದ್ದೆಯಾಗಿತ್ತು. ಮಗುವನ್ನು ಎತ್ತಿಕೊಳ್ಳಲು ಕೈ ಹಾತೊರೆಯುತ್ತಿತ್ತು. ಆದರೂ ನನ್ನ ಬಾಯಿಂದ ಹೊರಟದ್ದು, "ಅತ್ತೆ ಹೇಳಿದ ಹಂಗೆ." ಇಂದಿಗೂ ಆ ಮಾತು ನೆನಪಾದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಅವರು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದರು. ಅಷ್ಟರಲ್ಲಿ ಅತ್ತೆ ಬಚ್ಚಲ ಒಲೆಗೆ ಸೌದೆ ಒಟ್ಟಲು ಹೋದರು. ನರ್ಸಮ್ಮ ಹಿಂದಿರುಗಿ ಬಂದು, ಒಳಲೆಯನ್ನು ಕುದಿನೀರಲ್ಲಿ ತೊಳೆದು ನನ್ನ ಕೈಗಿಟ್ಟರು.

"ಚೆಲ್ಲೋದು ಅಂತಾದ್ರೆ ಇದರೊಳಗೆ ಚೆಲ್ಲು."

ಅವಸರದಲ್ಲಿ ಒಮ್ಮೆ ಅದನ್ನು ಬೀಳಿಸಿದೆ. ತಗ್ಗು ಬಿದ್ದದ್ದು ಆಗಲೇ. ಅವರು ಬೈಯಲಿಲ್ಲ, ಮತ್ತೆ ತೊಳೆದು ಕೊಟ್ಟರು. ನಾನು ಅದರೊಳಗೆ ಹಿಂಡಿದೆ. ಮಗುವನ್ನು ತೊಡೆಯ ಮೇಲೆ ತಲೆಯೆತ್ತರಿಸಿ ಹಿಡಿದುಕೊಂಡು ಹನಿಹನಿಯಾಗಿ ತುಟಿಗೆ ಬಿಟ್ಟರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಗಂಟಲು ಅಲ್ಲಾಡಿತು.

ಎರಡು ದಿನ ಹಾಗೆಯೇ ನಡೆಯಿತು. ಕೈಯಲ್ಲಿ ಒಳಲೆ ಕಂಡ ಅತ್ತೆ ಅದು ಸಕ್ಕರೆ ನೀರೆಂದೇ ತಿಳಿದರು. ನಾಲ್ಕನೆಯ ದಿನ ಮಗು ತಾನಾಗಿ ಮೊಲೆಗೆ ಬಾಯಿ ಹಾಕಿತು.

ಹೆಸರಿಡುವ ದಿನ ಅತ್ತೆ ಬಂದವರ ಎದುರೆಲ್ಲ, "ಕಂಡ್ರಾ ನರ್ಸಮ್ಮ, ನಮ್ಮ ಸಕ್ಕರೆ ನೀರಿಂದ ಉಳಿದ ಮಗು ಇದು. ಪುಸ್ತಕ ಓದಿದವರಿಗೆ ಎಂತ ಗೊತ್ತು?" ಎಂದರು. ನರ್ಸಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಹೌದಮ್ಮ, ಒಳ್ಳೆ ಸಕ್ಕರೆ," ಎಂದು ನಕ್ಕು ಅವರು ಊಟಕ್ಕೂ ನಿಲ್ಲದೆ ಹೊರಟರು. ವರ್ಷದೊಳಗೆ ಅವರಿಗೆ ಎಲ್ಲಿಗೋ ವರ್ಗವಾಯಿತು. ತೀರಿಕೊಂಡರೆಂಬ ಸುದ್ದಿ ಬಹಳ ತಡವಾಗಿ ನನಗೆ ಶೃಂಗೇರಿಯ ಬಸ್ಸಿನಲ್ಲಿ ಸಿಕ್ಕಿತು, ಯಾರೋ ಯಾರಿಗೋ ಹೇಳುತ್ತಿದ್ದಾಗ...

ಈಗ ನಿಮ್ಮಕ್ಕ ಬಾಣಂತನಕ್ಕೆ ಬಂದಿದ್ದಾಳೆ. ನಿಮ್ಮಮ್ಮ ಡಬ್ಬಿಯ ಹಾಲು ತರಿಸಿ ಎನ್ನುತ್ತಾಳೆ. ಅಕ್ಕನ ಅತ್ತೆ ಎನ್.ಆರ್. ಪುರದಿಂದ ಫೋನು ಮಾಡಿ ದನದ ಹಾಲಿಗೆ ನೀರು ಬೆರೆಸಿ ಕೊಡಿ ಎನ್ನುತ್ತಾರೆ. ನಿಮ್ಮ ಭಾವ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಓದುತ್ತಾನೆ. ಎಲ್ಲರೂ ಮಾತಾಡುವವರೇ. ಕೇಳಿ ಕೇಳಿ ನನಗೆ ರೇಗಿತು. ನಿನ್ನೆ ಮಧ್ಯಾಹ್ನ ಎದ್ದು ಬಾಣಂತಿ ಕೋಣೆಗೆ ಹೋದೆ.

"ನಿಂಗೆ ಎಂತ ಅನ್ಸತ್ತೆ ಕೂಸೆ?"

ಅವಳು ಮೊದಲು ಅತ್ತಳು. ಆಮೇಲೆ, "ಬಾಯಿ ಹಾಕಿದ್ರೆ ಜೀವ ಹೋಗೋ ನೋವು ಅಜ್ಜಿ. ಆದ್ರೂ ನನ್ನದೇ ಕೊಡ್ಬೇಕು ಅಂತ ಆಸೆ," ಎಂದಳು.

ಕುದಿಸಿ ತಂದಿದ್ದ ಒಳಲೆಯನ್ನು ಅವಳ ಕೈಗೆ ಕೊಟ್ಟೆ. ನೋವಿಗೆ ಡಾಕ್ಟರ ಹತ್ತಿರ ನಾಳೆಯೇ ಹೋಗೋಣ, ಅಲ್ಲಿಯವರೆಗೆ ಇದರೊಳಗೆ ಹಿಂಡು ಎಂದೆ. ಹೊರಗೆ ಜಗಲಿಯಲ್ಲಿ ವಾದ ಇನ್ನೂ ನಡೆದೇ ಇತ್ತು.

ನಿಮ್ಮಪ್ಪ ತಾನು ಸಕ್ಕರೆ ನೀರಿನಿಂದ ಉಳಿದವನೆಂದು ಇವತ್ತಿಗೂ ನಂಬಿದ್ದಾನೆ. ಮಕ್ಕಳೇ, ಅದು ಸಕ್ಕರೆ ನೀರಲ್ಲ. ಆ ದಿನ ಅಷ್ಟು ಜನರ ನಡುವೆ, ನರ್ಸಮ್ಮನ ಎದುರಿಗೆ ಹೇಳಬೇಕಾಗಿದ್ದ ಮಾತು ಇದು. ಅವರಿಲ್ಲ, ನಿಮಗೆ ಬರೆಯುತ್ತಿದ್ದೇನೆ.